ಬರೆದಂತೆ ನಡೆಯುವ ಯಂತ್ರ

ಭೈರವಾನಿತಿಪ್ಪದ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾದ ಮಿಲ್ಲಿಂಗ್ ಯಂತ್ರವೊಂದಿದೆ. ತಿರುಗುವ ಕಟ್ಟರಿನ ಕೆಳಗೆ ಲೋಹದ ತುಂಡನ್ನು ಬಿಗಿದು, ಕೈಚಕ್ರಗಳಿಂದ ಯಂತ್ರದ ಹಾಸನ್ನು ಎಡಬಲಕ್ಕೂ ಹಿಂದುಮುಂದಕ್ಕೂ ಸರಿಸುತ್ತ ಬೇಕಾದ ಆಕಾರಕ್ಕೆ ಕೊರೆಯುವ ಸಾಧನವಿದು. ನೇರ ಗೆರೆಯನ್ನು ಕೈಯಿಂದ ಕೊರೆಯಬಹುದು. ವೃತ್ತವನ್ನು ಕೊರೆಯಬೇಕಾದರೆ ಎರಡು ಚಕ್ರಗಳನ್ನು ಏಕಕಾಲದಲ್ಲಿ, ಕ್ಷಣಕ್ಷಣಕ್ಕೂ ಬದಲಾಗುವ ವೇಗದಲ್ಲಿ ತಿರುಗಿಸಬೇಕು. ಅದು ಮನುಷ್ಯನ ಕೈಗೆ ಎಟುಕುವ ಕೆಲಸವಲ್ಲ. ಆ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಪ್ರಯತ್ನದಲ್ಲಿ ನನ್ನ ಹಲವು ಭಾನುವಾರಗಳು ಕಳೆದವು. ವಕೀಲನಿಗೆ ಇದೇಕೆಂದು ಕೇಳಿದವರಿಗೆ ಉತ್ತರ ಕೊಡುವ ಮುನ್ನ ಆ ಕೆಲಸದ ಬಗೆಯನ್ನು ವಿವರಿಸಬೇಕು.

ಇದರ ಮೂಲತತ್ತ್ವ ನಮ್ಮ ಸೀಮೆಗೆ ಹೊಸತಲ್ಲ. ಮೊಳಕಾಲ್ಮೂರು, ಧರ್ಮಾವರಗಳ ರೇಷ್ಮೆ ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಮಾಲೆಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ತೂತು ಇದ್ದೆಡೆ ಒಂದು ಎಳೆ ಮೇಲೇಳುತ್ತದೆ, ಇಲ್ಲದೆಡೆ ಏಳುವುದಿಲ್ಲ; ಹೀಗೆ ಸೆರಗಿನ ಹೂವು ಅರಳುತ್ತದೆ. ಫ್ರಾನ್ಸಿನ ಜಕಾರ್ಡ್ ಈ ವ್ಯವಸ್ಥೆಯನ್ನು ರೂಪಿಸಿದ್ದು 1804ರ ಸುಮಾರಿಗೆ. 1952ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸಂಖ್ಯೆಗಳ ಆಜ್ಞೆಯಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದಾಗಲೂ ಆಜ್ಞೆಗಳಿದ್ದುದು ತೂತು ಹೊಡೆದ ಪಟ್ಟಿಯ ಮೇಲೆಯೇ. ಮರುವರ್ಷ, 1953ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಕಾರ್ಖಾನೆ ಹುಟ್ಟಿತು. ಅಂದು ಕೋಣೆಯೊಂದನ್ನು ತುಂಬುತ್ತಿದ್ದ ನಿಯಂತ್ರಣ ಸಾಧನವು ಇಂದು ಅಂಗೈಯಗಲದ ಆರ್ಡುಯಿನೊ ಹಲಗೆಯಲ್ಲಿ ಅಡಗಿದೆ. ಅದನ್ನು ನಡೆಸುವ ಜಿ.ಆರ್.ಬಿ.ಎಲ್. ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ.

ಪರಿವರ್ತನೆಯೆಂದರೆ ಕೈಚಕ್ರಗಳನ್ನು ಕಳಚಿ ಆ ಸ್ಥಾನದಲ್ಲಿ ಸ್ಟೆಪ್ಪರ್ ಮೋಟಾರುಗಳನ್ನು ಕೂರಿಸುವುದು. ಈ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ತಿರುಗುತ್ತದೆ. ಹಾಸನ್ನು ಸರಿಸುವ ತಿರುಪು ಸುತ್ತಿಗೆ 2 ಮಿಲಿಮೀಟರ್ ಮುಂದೊಯ್ದರೆ ಒಂದು ಹೆಜ್ಜೆಗೆ 0.01 ಮಿಲಿಮೀಟರ್. ಲೆಕ್ಕ ಇಷ್ಟು ಸರಳ. ಮೋಟಾರು, ಡ್ರೈವರ್, ಪವರ್ ಸಪ್ಲೈಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ.

ಆದರೆ ಲೆಕ್ಕದ ಸರಳತೆ ಕಬ್ಬಿಣದಲ್ಲಿಲ್ಲ. ಕಾಲುವೆಯ ತೂಬಿನ ಬಾಗಿಲನ್ನು ಎತ್ತುವ ಹಳೆಯ ತಿರುಪನ್ನು ಹಿಮ್ಮುಖವಾಗಿ ತಿರುಗಿಸಿದವರಿಗೆ ಗೊತ್ತು: ಬಾಗಿಲು ಕದಲುವ ಮೊದಲು ಚಕ್ರ ಸ್ವಲ್ಪ ದೂರ ಬರಿದೇ ತಿರುಗುತ್ತದೆ. ತಿರುಪಿಗೂ ನಟ್ಟಿಗೂ ನಡುವಿನ ಈ ಸಡಿಲವನ್ನು ಮೆಕ್ಯಾನಿಕರು ‘ಪ್ಲೇ’ ಎನ್ನುತ್ತಾರೆ. ಡಯಲ್ ಗೇಜ್ ಇಟ್ಟು ಅಳೆದಾಗ ನನ್ನ ಯಂತ್ರದಲ್ಲಿ ಅದು 0.3 ಮಿಲಿಮೀಟರ್ ಇತ್ತು. ಅಂದರೆ ದಿಕ್ಕು ಬದಲಾದಾಗಲೆಲ್ಲ 30 ಹೆಜ್ಜೆಗಳು ವ್ಯರ್ಥ. ನಾನು ಕೊರೆದ ಮೊದಲ ವೃತ್ತದ ಅಂಚಿನಲ್ಲಿ ನಾಲ್ಕು ಕಡೆ ಮೆಟ್ಟಿಲು ಮೂಡಿತ್ತು. ಯಂತ್ರದ ದೋಷವನ್ನು ಗಣಕ ಸರಿಪಡಿಸೀತೆಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ಹಾಸನ್ನು ಸರಿಸುವ ಎರಡು ತಿರುಪುಗಳನ್ನೂ ತೆಗೆದು, ಉಕ್ಕಿನ ಗುಂಡುಗಳ ಮೇಲೆ ಉರುಳುವ ಬಾಲ್ ಸ್ಕ್ರೂಗಳನ್ನು ಹಾಕಿದ ಮೇಲೆಯೇ ವೃತ್ತವು ವೃತ್ತವಾಯಿತು.

ಕಟ್ಟರನ್ನು ಹೊತ್ತು ಮೇಲೆ ಕೆಳಗೆ ಚಲಿಸುವ ತಲೆಗೆ ಮಾತ್ರ ಹಳೆಯ ತಿರುಪನ್ನೇ ಉಳಿಸಿದೆ. ಬಾಲ್ ಸ್ಕ್ರೂವಿನಲ್ಲಿ ಘರ್ಷಣೆ ಅತ್ಯಲ್ಪವಾದುದರಿಂದ, ಏತದ ಕಲ್ಲಿನಂತಹ ಎದುರುಭಾರವಿಲ್ಲದಿದ್ದರೆ, ವಿದ್ಯುತ್ತು ಹೋದೊಡನೆ ಭಾರವಾದ ತಲೆ ತಾನಾಗಿ ಕೆಳಗಿಳಿದೀತು. ಕರೆಂಟು ಯಾವಾಗ ಹೋಗುವುದೋ ತಿಳಿಯದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಇನ್ನೊಂದು ಸಂಗತಿಯೂ ಉಂಟು. ಸ್ಟೆಪ್ಪರ್ ಮೋಟಾರು ಹೆಜ್ಜೆ ತಪ್ಪಿದರೆ ನಿಯಂತ್ರಣ ಹಲಗೆಗೆ ಅದು ತಿಳಿಯುವುದೇ ಇಲ್ಲ. ಆದುದರಿಂದ ಕರೆಂಟು ಹೋಗಿ ಬಂದ ಮೇಲೆ, ನಿಲ್ಲಿಸಿದಲ್ಲಿಂದ ಮುಂದುವರಿಸದೆ, ಆರಂಭದ ಬಿಂದುವನ್ನು ಮತ್ತೆ ಗುರುತಿಸಿಯೇ ಕೆಲಸ ಹಿಡಿಯಬೇಕು. ಕೈಗೆಟುಕುವಲ್ಲಿ ತುರ್ತು ಸ್ವಿಚ್ಚು, ಕಣ್ಣಿಗೆ ಕನ್ನಡಕ ಕಡ್ಡಾಯ. ತಿರುಗುವ ಕಟ್ಟರಿನ ಬಳಿ ಕೈಗವಸು ನಿಷಿದ್ಧ.

ಯಂತ್ರಕ್ಕೆ ಕೊಡುವ ಆಜ್ಞೆಗಳ ಭಾಷೆ ಬಲು ಚಿಕ್ಕದು. ‘ಜಿ0’ ಎಂದರೆ ವೇಗವಾಗಿ ಸರಿ; ‘ಜಿ1’ ಎಂದರೆ ಹೇಳಿದ ವೇಗದಲ್ಲಿ ಕೊರೆಯುತ್ತ ಸರಿ; ಎಕ್ಸ್, ವೈ, ಝೆಡ್ ಎಂಬವು ಮೂರು ದಿಕ್ಕುಗಳು. ಒಮ್ಮೆ ಕಟ್ಟರನ್ನು ಮೇಲೆತ್ತುವ ಸಾಲನ್ನು ಬರೆಯಲು ಮರೆತೆ. ಮುಂದಿನ ‘ಜಿ0’ ಆಜ್ಞೆಯಂತೆ ಅದು ನೇರವಾಗಿ ಹೋಗಿ, ತುಂಡನ್ನು ಹಿಡಿದಿದ್ದ ಬಿಗಿಪಟ್ಟಿಗೆ ಬಡಿದು ಮುರಿಯಿತು. ನ್ಯಾಯಾಲಯದಲ್ಲಿ ಶಾಸನದ ಅಕ್ಷರ ತೊಡಕಾದಾಗ ಶಾಸಕಾಂಗದ ಉದ್ದೇಶವೇನೆಂದು ವಾದಿಸಲು ಅವಕಾಶವಿದೆ. ಇಲ್ಲಿ ಆ ಅವಕಾಶವಿಲ್ಲ. ನನ್ನ ಉದ್ದೇಶವನ್ನು ಯಂತ್ರ ಕೇಳಲಿಲ್ಲ. ಬರೆದುದನ್ನು ಮಾತ್ರ ನಡೆಸಿತು. ಮುರಿದ ಕಟ್ಟರನ್ನು ಎಸೆಯದೆ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಕರಾರುಪತ್ರ ಬರೆಯುವಾಗಲೂ ಅದು ನೆನಪಾಗುತ್ತದೆ.

ಇನ್ನು ‘ಇದೇಕೆ’ ಎಂಬ ಪ್ರಶ್ನೆ. ರಾಯದುರ್ಗದ ಉಡುಪಿನ ಘಟಕದಲ್ಲಿ ಹೊಲಿಗೆ ಯಂತ್ರದ ಚಿಕ್ಕ ಬಿಡಿಭಾಗವೊಂದು ಮುರಿದರೂ ಬಳ್ಳಾರಿಗೋ ಬೆಂಗಳೂರಿಗೋ ಓಡಬೇಕಾಗುವುದುಂಟು. ಅಲ್ಯೂಮಿನಿಯಂ, ಹಿತ್ತಾಳೆಗಳ ಅಂತಹ ಭಾಗಗಳನ್ನು ಮಾಡಲು ಇಷ್ಟು ಚಿಕ್ಕ ಯಂತ್ರವೂ ಸಾಕಾಗಬಹುದು. ಐ.ಟಿ.ಐ. ಮುಗಿಸಿ ಪೀಣ್ಯದತ್ತ ಹೊರಡುವ ಹುಡುಗರು ದೊಡ್ಡ ಸಿ.ಎನ್.ಸಿ. ಯಂತ್ರದ ಮುಂದೆ ನಿಂತು ಗುಂಡಿ ಒತ್ತುವುದನ್ನಷ್ಟೇ ಕಲಿತರೆ ಸಾಲದು. ಅದರ ಒಡಲನ್ನು ಬಿಚ್ಚಿ ಕಟ್ಟಿದವನಿಗೆ ಇರುವ ಧೈರ್ಯ ಬೇರೆ. ಇಂಗ್ಲಿಷ್ ಬಾರದೆಂದು ಗಡಿನಾಡಿನ ಕನ್ನಡ ಶಾಲೆಯ ಮಕ್ಕಳು ಹಿಂಜರಿಯಬೇಕಾಗಿಲ್ಲ. ಕಲಿಯಬೇಕಾದುದು ಕೆಲವು ಅಕ್ಷರ, ಕೆಲವು ಅಂಕಿ ಮತ್ತು ಶ್ರದ್ಧೆ. ಕಲಿಯುವ ಮನಸ್ಸುಳ್ಳವರಿಗೆ ಭಾನುವಾರಗಳಂದು ನಮ್ಮ ಮನೆಯ ಹಿಂಬದಿಯ ಬಾಗಿಲು ತೆರೆದಿರುತ್ತದೆ.