ಪುಣೆಯಲ್ಲಿ ಕಲಬುರಗಿ ಮಾತಿನ ಪಾಠ

ಪುಣೆಯ ಯರವಡಾ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಗಾಂಧೀಜಿಯವರನ್ನು ಇಟ್ಟಿದ್ದ ಜೈಲು. ಅದೇ ಭಾಗದಲ್ಲಿರುವ ಡೆಕ್ಕನ್ ಕಾಲೇಜಿನ ಹಳೆಯ ಕಲ್ಲುಕಟ್ಟಡದ ಕಡೆ ಯಾರೂ ಅಷ್ಟಾಗಿ ನೋಡುವುದಿಲ್ಲ. 1821ರಲ್ಲಿ ಸಂಸ್ಕೃತ ಕಲಿಸುವ ಶಾಲೆಯಾಗಿ ಶುರುವಾಗಿ, ಮುಂದೆ ತಿಲಕರು ಓದಿದ ಕಾಲೇಜಾಗಿ ಬೆಳೆದ ಸಂಸ್ಥೆ ಇದು. 1939ರಿಂದ ಸ್ನಾತಕೋತ್ತರ ಓದು ಮತ್ತು ಸಂಶೋಧನೆಗೆ ಮೀಸಲು. ನನ್ನ ಮಗಳು ಈಗ ಇಲ್ಲಿ ಭಾಷಾವಿಜ್ಞಾನದಲ್ಲಿ ಎಂ.ಎ. ಓದುತ್ತಿದ್ದಾಳೆ.

ಈ ಸುದ್ದಿ ಊರಿಗೆ ಮುಟ್ಟಿದಾಗ ಬಂದ ಪ್ರಶ್ನೆಗಳು ಎರಡೇ. ‘ಕನ್ನಡ ಎಂ.ಎ. ಮಾಡಲಿಕ್ಕೆ ಪುಣೆ ಯಾಕೆ?’ ಎಂಬುದು ಒಂದು. ‘ಎಷ್ಟು ಭಾಷೆ ಕಲಿಸ್ತಾರ?’ ಎಂಬುದು ಇನ್ನೊಂದು. ಇದು ಸಾಹಿತ್ಯದ ಓದೂ ಅಲ್ಲ, ಭಾಷೆ ಕಲಿಸುವ ಕೋರ್ಸೂ ಅಲ್ಲ. ಬಾಯಿಯಲ್ಲಿ ದನಿ ಹುಟ್ಟುವುದು ಹೇಗೆ, ದನಿಗಳು ಸೇರಿ ಪದವಾಗುವುದು ಹೇಗೆ, ಪದಗಳು ಯಾವ ಕಟ್ಟಳೆಯಂತೆ ವಾಕ್ಯದಲ್ಲಿ ಕೂರುತ್ತವೆ, ಜಾತಿ, ಊರು, ವಯಸ್ಸಿಗೆ ತಕ್ಕಂತೆ ಮಾತು ಹೇಗೆ ಬದಲಾಗುತ್ತದೆ ಎಂಬುದೆಲ್ಲ ಇಲ್ಲಿನ ಪಾಠ. ಜೊತೆಗೆ ಕ್ಷೇತ್ರಕಾರ್ಯ. ಅಂದರೆ ಮಾತಾಡುವವರ ಎದುರು ಕೂತು, ಕೇಳಿ, ಬರೆದುಕೊಳ್ಳುವುದು.

ನನಗೆ ಅಚ್ಚರಿಯಾದದ್ದು, ನಮ್ಮ ಆಡುಮಾತನ್ನು ಹೀಗೆ ಕೂತು ಬರೆದುಕೊಂಡ ದೊಡ್ಡ ಕೆಲಸವೊಂದು ಈ ಮರಾಠಿ ಊರಿನಿಂದಲೇ ಹೊರಟದ್ದು. ವಿಲಿಯಂ ಬ್ರೈಟ್ ಎಂಬ ಅಮೆರಿಕದ ವಿದ್ವಾಂಸರು ಆಡುಗನ್ನಡದ ಬಗ್ಗೆ ಬರೆದ ಪುಸ್ತಕವನ್ನು ಡೆಕ್ಕನ್ ಕಾಲೇಜು 1958ರಲ್ಲಿ ಪ್ರಕಟಿಸಿತು. ಆ ಹೊತ್ತಿನಲ್ಲೇ ಎ.ಕೆ. ರಾಮಾನುಜನ್ ಇಲ್ಲಿ ಭಾಷಾವಿಜ್ಞಾನ ಓದಿದರು. ಡಿ.ಎನ್. ಶಂಕರ ಭಟ್ಟರ ಕೊರಗ ಭಾಷೆಯ ಅಧ್ಯಯನವನ್ನೂ ಇದೇ ಸಂಸ್ಥೆ ಹೊರತಂದಿತು. 1967-68ರ ಸುಮಾರಿಗೆ ಹಾಲಕ್ಕಿ ಕನ್ನಡ, ನಂಜನಗೂಡು ಕನ್ನಡದ ಮೇಲೆ ಒಂದೊಂದು ಪುಸ್ತಕ ಬಂದವು. ಆರ್. ಮಹಾದೇವನ್ ಅವರ ‘ಗುಲ್ಬರ್ಗಾ ಕನ್ನಡ’ವೂ ಬಂತು. ಗುಲ್ಬರ್ಗಾ ಅಂದರೆ ನಮ್ಮೂರು. ನಾವು ‘ಹಳ್ಳಿ ಮಾತು’ ಎಂದು ನಾಚಿಕೊಂಡು ಬೆಂಗಳೂರಿನವರ ಮುಂದೆ ನುಂಗಿಕೊಳ್ಳುವ ಮಾತಿಗೆ ಐವತ್ತು ವರ್ಷಗಳ ಹಿಂದೆಯೇ ಒಂದು ವ್ಯಾಕರಣ ಬರೆದಿಟ್ಟಿದ್ದರು.

ನಮ್ಮವ್ವನಿಗೆ ಎಂಬತ್ತೆರಡು. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಇಲ್ಲಿನ ಕನ್ನಡ ಕಾರ್ಯಕ್ರಮಗಳಿಗೆ ಕರೆದುಕೊಂಡು ಹೋದರೆ ಬಾಯಿ ಬಿಡುವುದಿಲ್ಲ. ‘ಅವರದು ಛಂದ ಕನ್ನಡ, ನಮ್ದು ಒರಟ’ ಅನ್ನುತ್ತಾಳೆ. ಮೊಮ್ಮಗಳಿಗೆ ಅಜ್ಜಿಯ ಮಾತು ತಿಳಿಯುತ್ತಿತ್ತು, ಆದರೆ ಉತ್ತರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತಿತ್ತು. ಹೊರಗಿರುವ ಎಷ್ಟೋ ಮನೆಗಳ ಕಥೆ ಇದು, ಹೊಸದೇನಲ್ಲ.

ಮೊದಲ ಸೆಮಿಸ್ಟರಿನಲ್ಲೇ ಮಗಳು ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಅಜ್ಜಿಯ ಎದುರು ಕೂತಳು. ‘ನಮ್ದೇನ್ ಮಾತವಾ, ಛಂದ ಮಾತ್ ಬೇಕಂದ್ರ ಟೀವ್ಯಾಗ ಕೇಳು’ ಅಂದಳು ಅವ್ವ. ಒತ್ತಾಯ ಮಾಡಿದ್ದಕ್ಕೆ ‘ನಾನು ಆಳಂದ ತಾಲ್ಲೂಕಿನಲ್ಲಿ ಜನಿಸಿದೆನು’ ಎಂದು ಆಕಾಶವಾಣಿಯ ವಾರ್ತೆಯ ಧಾಟಿಯಲ್ಲಿ ಶುರುಮಾಡಿದಳು! ಇದು ಎಲ್ಲ ಭಾಷಾವಿಜ್ಞಾನಿಗಳ ತಲೆನೋವಂತೆ. ಸಹಜ ಮಾತು ಬೇಕು, ಆದರೆ ಕೇಳಲು ಕೂತ ಕೂಡಲೇ ಅದು ಸಹಜವಾಗಿ ಉಳಿಯುವುದಿಲ್ಲ. ಅಮೆರಿಕದ ವಿಲಿಯಂ ಲಬೋವ್ ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಜೀವ ಹೋಗುತ್ತದೆ ಅನ್ನಿಸಿದ ಸಂದರ್ಭ ಯಾವುದಾದರೂ ಇತ್ತೇ ಎಂದು ಕೇಳುವುದು. ಅದನ್ನು ಹೇಳುತ್ತ ಹೇಳುತ್ತ ಜನ ಮಾತಿನ ಮೇಲಿನ ನಿಗಾ ಮರೆಯುತ್ತಾರೆ.

ಮಗಳು ಅದನ್ನೇ ಕೇಳಿದಳು. ಅವ್ವ ರಜಾಕಾರರ ಕಾಲಕ್ಕೆ ಹೋದಳು. ಐದಾರು ವರ್ಷದ ಹುಡುಗಿ, ರಾತ್ರಿ ಬಂಡಿ ಕಟ್ಟಿದ್ದು, ಎತ್ತಿನ ಕೊರಳ ಗೆಜ್ಜೆ ಬಿಚ್ಚಿಟ್ಟಿದ್ದು, ಸೊಲ್ಲಾಪುರದ ಕಡೆ ಹೊರಟದ್ದು. ನಲವತ್ತು ನಿಮಿಷ ಒಂದೇ ಉಸಿರಿಗೆ. ಇದರಲ್ಲಿ ಅರ್ಧದಷ್ಟನ್ನು ನಾನೂ ಕೇಳಿರಲಿಲ್ಲ.

ಆ ನಲವತ್ತು ನಿಮಿಷವನ್ನು ಬರೆದಿಳಿಸಲು ಮಗಳಿಗೆ ಮೂರು ವಾರ ಹಿಡಿಯಿತು. ಮೈಸೂರು ಕಡೆಯವರ ‘ಬರ್ತಾ ಇದ್ದೀನಿ’ಯಲ್ಲಿ ‘ಇರು’ ಇದೆ. ಅವ್ವನ ‘ಬರ್ಲಕತ್ತೀನಿ’ಯಲ್ಲಿ ಇರುವುದು ‘ಹತ್ತು’. ‘ಬರಲಿಕ್ಕೆ ಹತ್ತೀನಿ’ ಎಂಬುದು ಸವೆದು ಹಾಗಾಗಿದೆ. ಶುರುಮಾಡುವ ಅರ್ಥದ ಕ್ರಿಯಾಪದವೊಂದು ನಡೆಯುತ್ತಿರುವ ಕೆಲಸವನ್ನು ಹೇಳುವ ಪ್ರತ್ಯಯವಾಗಿ ಬದಲಾದದ್ದು. ಇದನ್ನು ಅಜ್ಜಿಗೆ ವಿವರಿಸಿದರೆ ‘ಮತ್ತ ಹ್ಯಾಂಗ ಅಂತಾರ?’ ಎಂದು ಅವಳೇ ತಿರುಗಿ ಕೇಳಿದಳು.

ಗಡಿಭಾಗದವರಾದ ನಮಗೆ ಇನ್ನೊಂದು ಪಾಠ ಹತ್ತಿರದ್ದು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯ ಬಗ್ಗೆ ಬರೆದರು. ಅಲ್ಲಿ ಕನ್ನಡ, ಮರಾಠಿ, ಉರ್ದು ಮನೆಗಳು ಅಕ್ಕಪಕ್ಕ. ಶತಮಾನಗಳ ಒಡನಾಟದಲ್ಲಿ ಪದಗಳು ಬೇರೆಬೇರೆಯಾಗಿಯೇ ಉಳಿದವು, ವಾಕ್ಯದ ಕಟ್ಟು ಮಾತ್ರ ಹೆಚ್ಚೂಕಡಿಮೆ ಒಂದೇ ಆಯಿತು. ಪ್ರಪಂಚದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಈ ಹಳ್ಳಿ ಪಠ್ಯ. ಗಡಿ ಎಂದರೆ ಜಗಳವನ್ನಷ್ಟೇ ಓದುವ ನಮಗೆ ಇದು ಗೊತ್ತಿರಬೇಕಿತ್ತು ಅನ್ನಿಸುತ್ತದೆ.

ಇನ್ನು ನೌಕರಿ. ಬೆಳಗಾವಿ ಕಡೆಯ ಸಹೋದ್ಯೋಗಿಯೊಬ್ಬರು ‘ಪ್ಯಾಕೇಜ್ ಎಷ್ಟ್ ಬರ್ತದ್ರಿ?’ ಎಂದು ನೇರವಾಗಿಯೇ ಕೇಳಿದರು. ಎಂಜಿನಿಯರಿಂಗಿನ ಹಾಗೆ ಕ್ಯಾಂಪಸ್ಸಿಗೆ ಬಂದು ಕರೆದುಕೊಂಡು ಹೋಗುವುದನ್ನು ನೆಚ್ಚಿಕೊಳ್ಳಬೇಡಿ ಎಂದೆ. ನೆಟ್ ಪಾಸು ಮಾಡಿ ಪಾಠ ಹೇಳುವುದು, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಂಥ ಕಡೆಯ ಯೋಜನೆಗಳು, ದನಿ ಗುರುತಿಸುವ ಮತ್ತು ಅನುವಾದದ ತಂತ್ರಾಂಶ ಮಾಡುವ ಕಂಪನಿಗಳು, ಇವು ದಾರಿಗಳು. ಯೋಜನೆಯ ಕೆಲಸಗಳು ಹೆಚ್ಚಾಗಿ ಗುತ್ತಿಗೆಯವು. ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವ ಓದು ಬೇರೆಯೇ. ಅದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇದೆ, ಪಿಯುಸಿಯಲ್ಲಿ ವಿಜ್ಞಾನ ಬೇಕು. ಇವೆರಡನ್ನೂ ಒಂದೇ ಎಂದುಕೊಂಡ ತಂದೆತಾಯಿಗಳು ನನಗೆ ಸಿಕ್ಕಿದ್ದಾರೆ.

ಭಾಷಾವಿಜ್ಞಾನದ ಎಂ.ಎ.ಗೆ ಸಾಮಾನ್ಯವಾಗಿ ಯಾವ ಪದವಿಯಾದರೂ ನಡೆಯುತ್ತದೆ. ದಿಲ್ಲಿಯಲ್ಲಿರುವವರಿಗೆ ಜೆಎನ್‌ಯು ಮತ್ತು ದಿಲ್ಲಿ ವಿಶ್ವವಿದ್ಯಾಲಯ, ಹೈದರಾಬಾದಿನವರಿಗೆ ಕೇಂದ್ರೀಯ ವಿಶ್ವವಿದ್ಯಾಲಯ, ಇಫ್ಲು ಮತ್ತು ಉಸ್ಮಾನಿಯಾ ಇವೆ. ತಮಿಳುನಾಡಿನಲ್ಲಿರುವವರು ಅಣ್ಣಾಮಲೈ ನೋಡಬಹುದು. ಅರ್ಜಿ ಹಾಕುವ ಮೊದಲು ಒಮ್ಮೆ ವಿಭಾಗಕ್ಕೆ ಹೋಗಿ, ಈಗ ಯಾರು ಪಾಠ ಮಾಡುತ್ತಿದ್ದಾರೆ, ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ ಕರೆದೊಯ್ಯುತ್ತಾರೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ ಬನ್ನಿ. ಮನೆಯಲ್ಲಿ ಹಿರಿಯರಿದ್ದರೆ ಕೋರ್ಸಿಗಾಗಿ ಕಾಯಬೇಕಿಲ್ಲ, ರೆಕಾರ್ಡಿಂಗ್ ಈ ಭಾನುವಾರವೇ ಶುರುಮಾಡಬಹುದು.