ಕಠಿಣವಾದೊಂದು ಆಟದ ಗುಣದೋಷಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯಲ್ಲಿ ‘ಈ ರಾತ್ರಿ ಆಟವುಂಟು’ ಎಂದರೆ ಯಕ್ಷಗಾನವೆಂದೇ ತಿಳಿಯತಕ್ಕದ್ದು. ಬೇರೊಬ್ಬರ ಪಾತ್ರವನ್ನು ಧರಿಸಿ ಶತ್ರುವನ್ನು ಎದುರಿಸುವ ವಿನೋದವು ನಮಗೆ ಹೊಸದಲ್ಲ. ಈಗ ನಮ್ಮ ಮನೆಗಳ ತರುಣರು ಅದೇ ಬಗೆಯ ವಿನೋದವನ್ನು ಕಂಪ್ಯೂಟರಿನಲ್ಲಿಯೂ ಅರಸುತ್ತಿರುವರು. ಹಿರಿಯರಲ್ಲಿ ಕೆಲವರು ಇದನ್ನು ಬರಿಯ ಕಾಲಹರಣವೆಂದು ಜರೆಯುವರು. ಕೆಲವರು ಏನೆಂದು ನೋಡದೆಯೇ ಸುಮ್ಮನಿರುವರು. ಇವೆರಡೂ ಯುಕ್ತವಲ್ಲ. ಮನೆಯೊಳಗೆ ಬಂದ ವಸ್ತುವನ್ನು ಪರೀಕ್ಷಿಸಿ ನೋಡುವುದು ಗೃಹಸ್ಥರ ಕರ್ತವ್ಯ. ಆದುದರಿಂದ ಕಾಠಿಣ್ಯಕ್ಕೆ ಹೆಸರಾದ ‘ಸಾಲ್ಟ್ ಆ್ಯಂಡ್ ಸ್ಯಾಂಕ್ಚುಯರಿ’, ಎಂದರೆ ‘ಉಪ್ಪು ಮತ್ತು ಆಶ್ರಯಸ್ಥಾನ’ ಎಂಬ ಆಟವನ್ನು ಇಲ್ಲಿ ವಿಚಾರಿಸೋಣ.

2016ರಲ್ಲಿ ಹೊರಬಂದ ಈ ಆಟವನ್ನು ನಿರ್ಮಿಸಿದವರು ಅಮೇರಿಕದ ಜೇಮ್ಸ್ ಸಿಲ್ವಾ ಮತ್ತು ಮಿಶೆಲ್ ಸಿಲ್ವಾ ಎಂಬ ದಂಪತಿಗಳು. ಇದರ ಚಿತ್ರಗಳಿಗೆ ಎತ್ತರ ಅಗಲಗಳುಂಟು, ಆಳವಿಲ್ಲ. ಗೋಡೆಯ ಮೇಲಿನ ಚಿತ್ತಾರವು ಎದ್ದು ನಡೆದಾಡಿದಂತೆ ತೋರುವುದು. ಯುದ್ಧವನ್ನು ನಿಲ್ಲಿಸುವುದಕ್ಕಾಗಿ ರಾಜಕುಮಾರಿಯೊಬ್ಬಳನ್ನು ವಿವಾಹಕ್ಕೆ ಕರೆದೊಯ್ಯುವ ಹಡಗು ಒಡೆದು, ನಾಯಕನು ಅಪರಿಚಿತ ದ್ವೀಪವನ್ನು ಸೇರುವನೆಂಬುದು ಕಥೆ. ಆಡುವವನು ಯೋಧನ ಪಾತ್ರವನ್ನು ವಹಿಸಬಹುದು, ಮಾಂತ್ರಿಕನಾಗಬಹುದು, ಬಯಸಿದರೆ ಅಡುಗೆಯವನೂ ಆಗಬಹುದು.

ಮೊದಲು ಗುಣಗಳನ್ನು ನೋಡೋಣ. ರಾಕ್ಷಸರನ್ನು ಕೊಂದಾಗ ನಾಯಕನಿಗೆ ಉಪ್ಪು ದೊರೆಯುವುದು. ಆಶ್ರಯಸ್ಥಾನಕ್ಕೆ ಬಂದು ಅದನ್ನು ವ್ಯಯಮಾಡಿ ಅವನು ಬಲಗೊಳ್ಳುವನು. ನಡುವೆ ಸತ್ತರೆ ಉಪ್ಪೆಲ್ಲವೂ ಕೊಂದವನ ಪಾಲಾಗುವುದು. ಆ ಶತ್ರುವನ್ನೇ ಹುಡುಕಿ ಸೋಲಿಸಿದರೆ ಅದು ಮರಳಿ ಬರುವುದು. ಅಷ್ಟರೊಳಗೆ ಮತ್ತೊಮ್ಮೆ ಸತ್ತರೆ ಶಾಶ್ವತವಾಗಿ ಹೋಯಿತು. ಆದುದರಿಂದ ಆತುರಗಾರನಿಗೆ ಇಲ್ಲಿ ಗೆಲುವಿಲ್ಲ. ಶತ್ರುವು ಕತ್ತಿಯೆತ್ತುವ ರೀತಿಯನ್ನು ನೋಡಿ, ಯಾವಾಗ ಸರಿಯಬೇಕು, ಯಾವಾಗ ಹೊಡೆಯಬೇಕು ಎಂಬುದನ್ನು ಕಲಿಯಬೇಕು. ಸೋತವನಿಗೆ ತಾನು ಸೋತ ಕಾರಣವು ತಿಳಿಯುವುದು. ಇದೇ ನ್ಯಾಯವಾದ ಕಾಠಿಣ್ಯ. ಇದಲ್ಲದೆ ಇಬ್ಬರು ಒಂದೇ ಪರದೆಯ ಮುಂದೆ ಕುಳಿತು ಕೂಡಿ ಆಡುವ ಅನುಕೂಲವೂ ಉಂಟು. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುವ ನಮ್ಮ ಹಳ್ಳಿಗಳಲ್ಲಿ, ಒಮ್ಮೆ ಇಳಿಸಿಕೊಂಡ ಮೇಲೆ ಅದರ ಹಂಗಿಲ್ಲದೆ ಇದನ್ನು ಆಡಬಹುದು.

ಇನ್ನು ದೋಷಗಳು. ಆಟದೊಳಗೆ ಭೂಪಟವಿಲ್ಲ. ಕವಲುದಾರಿಗಳ ಆ ದ್ವೀಪದಲ್ಲಿ, ನಾಲ್ಕು ದಿನ ಬಿಟ್ಟು ಬಂದವನು ಎಲ್ಲಿಗೆ ಹೋಗುತ್ತಿದ್ದೆನೆಂಬುದನ್ನೇ ಮರೆಯುವನು. ಬಣ್ಣಗಳೆಲ್ಲ ಮಸುಕು, ಕತ್ತಲೆಯಲ್ಲಿ ಅಂಚು ಕಾಣದೆ ಜಾರಿಬಿದ್ದು ಸಾಯುವುದುಂಟು. ಶತ್ರುವಿನ ಶೌರ್ಯದಿಂದ ಸೋಲುವುದು ಬೇರೆ, ದಾರಿ ಕಾಣದೆ ಸೋಲುವುದು ಬೇರೆ. ಎರಡನೆಯದರಿಂದ ಕಲಿಯತಕ್ಕದ್ದು ಸ್ವಲ್ಪವೇ. ರಕ್ತಪಾತದ ದೃಶ್ಯಗಳಿರುವುದರಿಂದ ಚಿಕ್ಕ ಮಕ್ಕಳಿಗೆ ಇದು ಸಲ್ಲದು.

ಮತ್ತೊಂದು ಕೊರತೆಯು ನಮ್ಮ ಸೀಮೆಯವರಿಗೆ ಬೇಗನೆ ಹೊಳೆಯುವುದು. ತಾಳಮದ್ದಳೆಯಲ್ಲಿ ಅರ್ಥಧಾರಿಗೆ ಬರೆದಿಟ್ಟ ಮಾತಿಲ್ಲ; ಎದುರಾಳಿಯ ಪ್ರಶ್ನೆಗೆ ಸ್ಥಳದಲ್ಲಿಯೇ ಉತ್ತರ ಹುಟ್ಟಬೇಕು. ಕಳೆದ 2020ರಲ್ಲಿ ಗತಿಸಿದ ಹೊಸ್ತೋಟ ಮಂಜುನಾಥ ಭಾಗವತರಂಥವರು ಪ್ರಸಂಗಗಳನ್ನು ರಚಿಸಿದರೂ, ಪದ್ಯಕ್ಕೆ ಅರ್ಥ ಹೇಳುವ ಭಾರವು ಪಾತ್ರಧಾರಿಯದೇ. ಈ ಕಂಪ್ಯೂಟರಿನ ನಾಯಕನಿಗಾದರೋ ಮಾತು ಬಹಳ ಕಡಿಮೆ. ಶತ್ರುವಿನ ಪಟ್ಟುಗಳೂ ಮೊದಲೇ ನಿಶ್ಚಿತವಾದವು. ಕಣ್ಣಿಗೂ ಬೆರಳಿಗೂ ಇಲ್ಲಿ ಸಾಧನೆಯುಂಟು, ನಾಲಗೆಗಿಲ್ಲ.

ಇಂಥ ಆಟವನ್ನು ಮನೆಯಿಂದ ಅಟ್ಟಬೇಕಾಗಿಲ್ಲ. ಹೊತ್ತಿನ ಕಟ್ಟುಪಾಡು ಮಾತ್ರ ಇರಬೇಕು, ಏಕೆಂದರೆ ಕಳೆದುಕೊಂಡ ಉಪ್ಪಿನ ಆಸೆಯು ‘ಇನ್ನೊಮ್ಮೆ’ ಎಂದು ನಡುರಾತ್ರಿಯವರೆಗೂ ಎಳೆಯಬಲ್ಲದು. ಹತ್ತು ಸಲ ಸತ್ತು ಹನ್ನೊಂದನೆಯ ಸಲ ಗೆದ್ದ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು, ‘ಈ ಸಲ ಏನನ್ನು ಬದಲಿಸಿದೆ?’ ಎಂದು ತಂದೆತಾಯಿಗಳು ಕೇಳಿನೋಡಲಿ. ಆಟದಲ್ಲಿಲ್ಲದ ಮಾತು ಆಗ ಮನೆಯಲ್ಲಿ ಹುಟ್ಟುವುದು.