ಹೊಗೆಯ ಸುಂಕದಲ್ಲಿ ಒಕ್ಕಲಿಗನ ಪಾಲು

ಕಲ್ಲಿದ್ದಲು, ಡಿಸೇಲು ಉರಿದಾಗ ಹೊರಬೀಳುವ ಇಂಗಾಲಾಮ್ಲ ವಾಯುವಿನಿಂದ ಭೂಮಿಯ ಶಾಖ ಏರುತ್ತಲಿದೆ. ಅದನ್ನು ತಗ್ಗಿಸಲು, ಏಳುವ ವಾಯುವಿನ ತೂಕದ ಮೇರೆಗೆ ಉರುವಲಿಗೆ ಸುಂಕ ಹಾಕುವ ಪದ್ಧತಿ ಹಲವು ದೇಶಗಳಲ್ಲಿದೆ. ಸುಂಕ ಹಾಕುವದು ಸುಲಭ. ಭಾರ ಯಾರ ಹೆಗಲಿಗೆ ಎಂಬುದೇ ನಾವು ಕೇಳಬೇಕಾದ ಮಾತು. ಬಂಗಲೆಯವನು ಹೆಚ್ಚು ಉರಿಸುತ್ತಾನೆ, ನಿಜ. ಆದರೆ ಬಡವನ ಗಳಿಕೆಯಲ್ಲಿ ಎಣ್ಣೆಯ ಖರ್ಚಿನ ಪಾಲು ದೊಡ್ಡದು.

ಕೆನಡಾ ದೇಶದವರು 2019ರಲ್ಲಿ ಇದಕ್ಕೊಂದು ದಾರಿ ಹಿಡಿದರು. ಸ್ವಂತ ಏರ್ಪಾಡಿಲ್ಲದ ಪ್ರಾಂತಗಳಲ್ಲಿ ಟನ್ನಿಗೆ 20 ಡಾಲರಿನಂತೆ ಸುಂಕ ಹಾಕಿ, 2024ಕ್ಕೆ 80 ಡಾಲರಿಗೆ ಏರಿಸಿದರು. ಬಂದ ಹಣದ ಬಹುಪಾಲನ್ನು ಮನೆಮನೆಗೆ ಮರಳಿಸಿದರು. ಇದರ ಲೆಕ್ಕ ಶಾಲೆಯ ಹುಡುಗರಿಗೂ ತಿಳಿಯುವಂಥದು: ಒಬ್ಬ 100 ಕೊಟ್ಟ, ಇನ್ನೊಬ್ಬ 20 ಕೊಟ್ಟನೆನ್ನಿರಿ, ಒಟ್ಟನ್ನು ಸಮನಾಗಿ ಹಂಚಿದರೆ ತಲೆಗೆ 60. ಕಡಿಮೆ ಉರಿಸಿದವನಿಗೆ 40 ಉಳಿಯಿತು. ಆಲ್ಬರ್ಟಾ ಪ್ರಾಂತದ ನಾಲ್ವರ ಕುಟುಂಬಕ್ಕೆ 2024-25ರಲ್ಲಿ 1800 ಡಾಲರು ಬಂತು. ಹಳ್ಳಿಯವರಿಗೆ ದೂರದ ಓಡಾಟ, ಬಸ್ಸಿನ ಅನುಕೂಲ ಕಡಿಮೆ. ಅದಕ್ಕೆಂದು ಅವರಿಗೆ ಮೊದಲು ಶೇಕಡಾ 10, ಆಮೇಲೆ ಶೇಕಡಾ 20 ಹೆಚ್ಚು.

ಎಡವಿದ್ದು ಕಣದಲ್ಲಿ. ಹೊಲದ ಕೆಲಸದ ಡಿಸೇಲಿಗೆ ಮಾಫಿ ಇತ್ತು, ಕಾಳು ಒಣಗಿಸುವ ಗ್ಯಾಸಿಗೆ ಇರಲಿಲ್ಲ. ನಮ್ಮ ಜೋಳದ ರಾಶಿಯನ್ನು ಬಿಸಿಲು ಪುಕ್ಕಟೆ ಒಣಗಿಸುತ್ತದೆ. ಅಲ್ಲಿ ಸುಗ್ಗಿಯ ಬೆನ್ನಿಗೇ ಹಿಮ. ತೊಯ್ದ ಕಾಳನ್ನು ಯಂತ್ರದಲ್ಲಿ ಒಣಗಿಸದಿದ್ದರೆ ಮುಗ್ಗು ಹಿಡಿಯುತ್ತದೆ. 2019ರ ಮಳೆಯ ಸುಗ್ಗಿಯಲ್ಲಿ ಒಕ್ಕಲಿಗರ ಕೂಗು ಜೋರಾಯಿತು. ಬೇರೆ ಉಪಾಯವಿಲ್ಲದ ಕೆಲಸಕ್ಕೆ ಸುಂಕ ಹಾಕಿದರೆ ಹೊಗೆ ತಗ್ಗದು, ಗಂಟು ಮಾತ್ರ ಕರಗುವದು. ತೆರಿಗೆಯಲ್ಲಿ ಅಷ್ಟಿಷ್ಟು ಮರಳಿಸುವ ಏರ್ಪಾಡು ಬಂದರೂ ಅಸಮಾಧಾನ ಹೋಗಲಿಲ್ಲ. 2023ರಲ್ಲಿ ಮನೆ ಕಾಯಿಸುವ ಎಣ್ಣೆಗೆ ಮಾತ್ರ ಸುಂಕ ಬಿಟ್ಟಾಗ, ಗ್ಯಾಸಿನಿಂದ ಕಾಯಿಸುವವರು ನಮಗೇಕಿಲ್ಲ ಎಂದರು. ಪಂಪಿನಲ್ಲಿ ತೆತ್ತದ್ದು ನಿತ್ಯ ಕಾಣುತ್ತಿತ್ತು. ಖಾತೆಗೆ ಬಂದದ್ದು ಹಲವರ ಲಕ್ಷ್ಯಕ್ಕೇ ಬರಲಿಲ್ಲ. ಕೊನೆಗೆ 2025ರ ಎಪ್ರಿಲ 1ರಿಂದ ಜನರ ಉರುವಲಿನ ಮೇಲಿನ ಸುಂಕವನ್ನೇ ತೆಗೆದುಹಾಕಿದರು. ಕಾಳಿನ ಗ್ಯಾಸನ್ನು ಮೊದಲೇ ಬಿಟ್ಟಿದ್ದರೆ ಒಕ್ಕಲಿಗರಾದರೂ ಜೊತೆಗಿರುತ್ತಿದ್ದರೆಂದು ನಮಗೆ ತೋರುತ್ತದೆ.

ನಮ್ಮ ದೇಶದ್ದೇನು? ಸೊಲ್ಲಾಪುರದ ಬಳಿಯ ವಿದ್ಯುತ್ ಕೇಂದ್ರದಲ್ಲಿ ಉರಿಯುವಂಥ ಕಲ್ಲಿದ್ದಲಿಗೆ 2010ರಲ್ಲಿ ಟನ್ನಿಗೆ 50 ರೂಪಾಯಿ ಸೆಸ್ ಬಿತ್ತು. 2016ಕ್ಕೆ ಅದು 400 ಆಯಿತು. ಶುದ್ಧ ಇಂಧನದ ನಿಧಿಗೆಂದು ಎತ್ತಿದ ಹಣ, 2017ರಿಂದ ಜಿ.ಎಸ್.ಟಿ.ಯಲ್ಲಿ ರಾಜ್ಯಗಳಿಗಾದ ನಷ್ಟ ತುಂಬಲು ಹೋಯಿತು. 2025ರ ಸಪ್ಟಂಬರ 22ರಂದು ಆ ಸೆಸ್ ತೆಗೆದು, ಕಲ್ಲಿದ್ದಲ ಜಿ.ಎಸ್.ಟಿ.ಯನ್ನು ಶೇಕಡಾ 5ರಿಂದ 18ಕ್ಕೆ ಏರಿಸಿದರು. ಇಷ್ಟು ವರ್ಷಗಳಲ್ಲಿ ಆ ಸೆಸ್ಸಿನಿಂದ ಕೆನಡಾದಂತೆ ಮನೆಲೆಕ್ಕದಲ್ಲಿ ಒಂದು ರೂಪಾಯಿಯೂ ಮರಳಿಲ್ಲ.